ಯುದ್ಧ, ಸಾಹಿತ್ಯ, ಸಂಶೋಧನೆ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧವನ್ನು ಕಾವ್ಯ, ಹಾಡು, ಆಟ, ಕಲ್ಲು, ಕಾಗದ ಹೇಗೆ ಹೇಳಿಕೊಂಡವು ಎಂದು ಓದುವುದನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿರುವವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದೆ. ಪ್ರಶ್ನೆಗಳನ್ನು ಕೇಳಿದವರ ಬಾಯಿಮಾತಿನಲ್ಲೇ ಬಿಟ್ಟಿದ್ದೇವೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ, ಮೊತ್ತಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ಒಮ್ಮೆ ನೋಡಿಕೊಳ್ಳಿ.

## ಮೊದಲು ತಿಳಿಯಬೇಕಾದ್ದು

ಯುದ್ಧ ಅಂದರೆ ಇತಿಹಾಸದವರ ಪಾಠ ಅಲ್ವಾ? ಸಾಹಿತ್ಯ ಕಲಿತವರಿಗೆ ಅದರಲ್ಲಿ ಎಂತ ಕೆಲಸ?

ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲನ್ನು ನೋಡಿ. 949ರಲ್ಲಿ ತಕ್ಕೋಲದಲ್ಲಿ (ಈಗಿನ ತಮಿಳುನಾಡಿನ ರಾಣಿಪೇಟೆ ಜಿಲ್ಲೆ) ರಾಷ್ಟ್ರಕೂಟರಿಗೂ ಚೋಳರಿಗೂ ಕಾಳಗವಾಗಿ ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ರಾಷ್ಟ್ರಕೂಟರ ಪರವಾಗಿದ್ದ ಗಂಗರ ಬೂತುಗನ ಕಡೆ ಹೋರಾಡಿದ ಮಣಲೆರನಿಗೆ "ಏನು ಬೇಕೋ ಕೇಳು" ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಆ ನಾಯಿ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಕಲ್ಲಿನ ಬರಹದಲ್ಲಿ ರಾಜರ ಯುದ್ಧವಿದೆ, ಕೆತ್ತನೆಯಲ್ಲಿ ನಾಯಿಯೂ ಹಂದಿಯೂ ಇವೆ.

ಇತಿಹಾಸದವರಿಗೆ ಈ ಕಲ್ಲಿನಿಂದ ಬೇಕಾದ್ದು ತಕ್ಕೋಲದ ತೇದಿ, ಗೆದ್ದವರ ಹೆಸರು. ನಿಮ್ಮ ಪ್ರಶ್ನೆ ಬೇರೆ: ಅಷ್ಟು ದೊಡ್ಡ ಯುದ್ಧದ ನೆನಪು ನಾಯಿಯೊಂದರ ಸ್ಮಾರಕದ ಮೇಲೆ ಏಕೆ ಕೂತಿತು? ಬರಹ ಒಂದು ಕಡೆಗೂ ಚಿತ್ರ ಇನ್ನೊಂದು ಕಡೆಗೂ ಎಳೆಯುವಾಗ ಶೋಕ ಯಾರದು? ಈ ಬಗೆಯ ಪ್ರಶ್ನೆ ನಿಮಗೆ ರುಚಿಸದಿದ್ದರೆ ಇತಿಹಾಸ ವಿಭಾಗವೇ ಒಳ್ಳೆಯದು, ಅದರಲ್ಲಿ ಸಣ್ಣತನವೇನೂ ಇಲ್ಲ.

ಕನ್ನಡದಲ್ಲಿ ಯುದ್ಧ ಸಾಹಿತ್ಯ ಅಂತ ಬೇರೆಯೇ ಉಂಟಾ?

ಬೇರೆ ಕಪಾಟು ಇಲ್ಲ, ಏಕೆಂದರೆ ಎಲ್ಲ ಕಪಾಟಿನಲ್ಲೂ ಅದೇ ಇದೆ. ಸುಮಾರು 450ರದೆನ್ನುವ ಹಲ್ಮಿಡಿ ಶಾಸನವೇ ಯುದ್ಧದಲ್ಲಿ ಕಾದಿದವನಿಗೆ ಕೊಟ್ಟ ಬಾಳ್ಗಳ್ಚು ದತ್ತಿಯ ದಾಖಲೆ. ಪಂಪನ 'ವಿಕ್ರಮಾರ್ಜುನ ವಿಜಯ' (941), ರನ್ನನ 'ಗದಾಯುದ್ಧ', ಕುಮಾರವ್ಯಾಸನ ಯುದ್ಧಪರ್ವಗಳು ಎಲ್ಲರಿಗೂ ಗೊತ್ತು. ರನ್ನನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾ ದ್ರೋಣ, ದುಶ್ಶಾಸನ, ಕರ್ಣರಿಗಾಗಿ ಅಳುವುದಷ್ಟೇ ಅಲ್ಲ, ಶತ್ರುವಿನ ಮಗ ಅಭಿಮನ್ಯುವನ್ನೂ ಹೊಗಳುತ್ತಾನೆ. ಸೋತವನ ಕಣ್ಣಿನಿಂದ ಯುದ್ಧ ನೋಡುವ ಗುಣ ನಮ್ಮಲ್ಲಿ ಹತ್ತನೆಯ ಶತಮಾನದಲ್ಲೇ ಇತ್ತು. ಬಿ.ಎಂ.ಶ್ರೀ. 1935ರಲ್ಲಿ 'ಪಾರಸಿಕರು' ಎಂದು ಕನ್ನಡಕ್ಕೆ ತಂದ ಗ್ರೀಕ್ ನಾಟಕವೂ ಸೋತವರ ಆಸ್ಥಾನದಲ್ಲೇ ನಡೆಯುತ್ತದೆ. ಕುವೆಂಪು ಅವರ 'ಶ್ಮಶಾನ ಕುರುಕ್ಷೇತ್ರಂ' (1931) ಯುದ್ಧ ಮುಗಿದ ಮೇಲಿನ ರಣರಂಗದ್ದು. ಉತ್ತರದ ಕಡೆ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿದ ಹಲಗಲಿ ಬೇಡರ ಲಾವಣಿಯಿದೆ.

ನಮ್ಮ ಸೀಮೆಗೆ ಹತ್ತಿರದ್ದು ನಿರಂಜನರ 'ಚಿರಸ್ಮರಣೆ' (1955). ಅದರ ವಸ್ತುವಾದ 1941ರ ಕಯ್ಯೂರು ಘಟನೆಗಾಗಿ (ರೈತ ಹೋರಾಟದಲ್ಲಿ ಪೊಲೀಸನೊಬ್ಬ ಸತ್ತದ್ದು) 1943ರ ಮಾರ್ಚ್ 29ರಂದು ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು, ಎರಡನೆಯ ಮಹಾಯುದ್ಧದ ನಡುವೆ. ಅದನ್ನು ರೈತ ಹೋರಾಟದ ಕಾದಂಬರಿ ಎಂದೇ ಓದುತ್ತಾರೆ. ಯುದ್ಧಕಾಲದ ಕಾದಂಬರಿಯೆಂದು ಓದಿದವರು ಕಡಿಮೆ. ಅಲ್ಲಿ ಒಂದು ಒಳ್ಳೆಯ ಪ್ರಬಂಧಕ್ಕೆ ಜಾಗವಿದೆ.

ಕಾಸರಗೋಡಿನಲ್ಲಿ ಕೂತು ಎಂತ ವಿಷಯ ಸಿಗ್ತದೆ? ಯುದ್ಧ ಆದದ್ದೆಲ್ಲ ಬೇರೆ ಕಡೆ ಅಲ್ವಾ?

ಯುದ್ಧ ದೂರದಲ್ಲಾದರೂ ಅದರ ಮಾತು ಮನೆಗೆ ಬರುತ್ತದೆ. 1914ರ ಸೆಪ್ಟೆಂಬರ್ 22ರಂದು ಜರ್ಮನಿಯ ಎಂಡೆನ್ ಹಡಗು ಮದ್ರಾಸಿನ ಮೇಲೆ ಗುಂಡು ಹಾರಿಸಿತು. ಮಲಯಾಳದಲ್ಲಿ ಭಾರಿ ಗಾತ್ರದ್ದನ್ನು "ಎಮಂಡನ್" ಅನ್ನುವುದು ಅದರಿಂದಲೇ ಬಂತು ಎಂದು ಹೇಳುತ್ತಾರೆ. ಅದೇ ಯುದ್ಧದಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟರು, ಹಂಚಿನ ಕಾರ್ಖಾನೆಗಳು ಕೈಬದಲಾದವು. 1942ರಲ್ಲಿ ರಂಗೂನ್ ಜಪಾನಿನ ಕೈಗೆ ಹೋದ ಮೇಲೆ ಬರ್ಮಾ ಅಕ್ಕಿ ನಿಂತಿತು. ರೇಷನ್ನು, ಗಂಜಿ, ಕಾಳಸಂತೆ ಮನೆಮಾತಾದವು.

ಗಡಿಯ ದೊಡ್ಡ ಲಾಭ ಇನ್ನೊಂದು. ಕದಿವನೂರ್ ವೀರನ್ ತೆಯ್ಯವನ್ನೇ (ಉತ್ತರ ಕೇರಳದ ದೈವಾರಾಧನೆಯ ಕುಣಿತ) ತೆಗೆದುಕೊಳ್ಳಿ. ಮಾಂಙಾಡಿನ ಮಂದಪ್ಪನ್ ಕೊಡಗಿಗೆ ಹೋಗಿ, ಅಲ್ಲಿ ಚೆಮ್ಮರತ್ತಿಯನ್ನು ಮದುವೆಯಾಗಿ, ಕೊಡಗರ ಜೊತೆ ಕಾದು ಸಾಯುತ್ತಾನೆ. ಕಳದಲ್ಲಿ ಅವಳ ಹೆಸರಿನ 'ಚೆಮ್ಮರತ್ತಿ ತರ' ಕಟ್ಟುತ್ತಾರೆ. ತೆಯ್ಯದ ಕತೆ ಹೇಳುವ ತೋಟ್ಟಂ ಹಾಡು ಮಲಯಾಳದಲ್ಲಿದೆ, "ಶತ್ರು"ವಿನ ಹಾಡುಗಳು ಘಟ್ಟದ ಮೇಲೆ ಕೊಡವ ಭಾಷೆಯಲ್ಲಿವೆ, ನಡುವೆ ತುಳುವಿನ ಕೋಟಿ-ಚೆನ್ನಯ ಪಾಡ್ದನ (ಕಥನಗೀತೆ). ಈ ಮೂರನ್ನೂ ಒಂದೇ ದಿನದ ಬಸ್ ಪ್ರಯಾಣದಲ್ಲಿ ಕೇಳಿಬರುವಂಥ ಜಾಗ ಬೇರೆ ಎಷ್ಟಿವೆ?

ಎಂ.ಎ. ಕನ್ನಡ ಮಾಡುವುದಾ, ಇಂಗ್ಲಿಷ್ ಮಾಡುವುದಾ?

ನಿಮ್ಮ ಮುಖ್ಯ ಸಾಮಗ್ರಿ ಯಾವ ಭಾಷೆಯಲ್ಲಿದೆಯೋ ಅದರಲ್ಲಿ. ಯುದ್ಧದ ಸಾಂಸ್ಕೃತಿಕ ಅಧ್ಯಯನದ ಸಿದ್ಧಾಂತ ಹೆಚ್ಚಾಗಿ ಇಂಗ್ಲಿಷಿನಲ್ಲಿದೆ ಎಂಬ ಕಾರಣಕ್ಕೆ ಇಂಗ್ಲಿಷಿಗೆ ಹೋಗಬೇಡಿ. ಆ ಹತ್ತು-ಹನ್ನೆರಡು ಪುಸ್ತಕ ಕನ್ನಡದವರೂ ಓದಬಹುದು. ಹಳಗನ್ನಡ ಓದಲು ಬಾರದವರು ಮಾತ್ರ ಗದಾಯುದ್ಧದ ಬಗ್ಗೆ ಎಷ್ಟು ಸಿದ್ಧಾಂತ ಓದಿದರೂ ಪ್ರಯೋಜನವಿಲ್ಲ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗವಿದೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯ ವಿಭಾಗವೂ ಕನ್ನಡವೂ ಇವೆ, ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆಯೂ ಹತ್ತಿರವೇ. ಎರಡು ಭಾಷೆಗಳ ಪಠ್ಯ ಹೋಲಿಸುವ ಆಸೆಯಿದ್ದರೆ ತೌಲನಿಕ ಸಾಹಿತ್ಯ ಹೊಂದುತ್ತದೆ.

## ನೆಟ್, ಗೈಡ್, ಪ್ರಸ್ತಾವ

ನೆಟ್, ಕೆ-ಸೆಟ್, ಕೇರಳದ ಸೆಟ್ — ಇದರಲ್ಲಿ ಯಾವುದು ಬರೆಯಬೇಕು? ಎಲ್ಲ ಒಂದೇ ಅಂತ ಹೇಳ್ತಾರಲ್ಲ?

ಒಂದೇ ಅಲ್ಲ. ಗಡಿಯ ಮಕ್ಕಳು ಹೆಚ್ಚು ಎಡವುವುದು ಇಲ್ಲೇ. ಕೇರಳದ ಸೆಟ್ ಹೈಯರ್ ಸೆಕೆಂಡರಿ ಶಿಕ್ಷಕರ ಅರ್ಹತೆ, ಕಾಲೇಜು ಅಧ್ಯಾಪಕರದ್ದಲ್ಲ. ಕರ್ನಾಟಕದ ಕೆ-ಸೆಟ್ ಕಾಲೇಜಿನದೇ, ಆದರೆ ಕರ್ನಾಟಕದೊಳಗೆ ಮಾತ್ರ ನಡೆಯುತ್ತದೆ. ಅದನ್ನು ಹಿಡಿದುಕೊಂಡು ಕಣ್ಣೂರು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜಿಗೆ ಅರ್ಜಿ ಹಾಕಿದರೆ ತಿರಸ್ಕಾರವೇ. ಎರಡೂ ಕಡೆ ನಡೆಯುವುದು ಯುಜಿಸಿ ನೆಟ್.

ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿ. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಒಟ್ಟು 300 ಅಂಕ, ಮೂರು ಗಂಟೆ, ತಪ್ಪಿಗೆ ಅಂಕ ಕಡಿತವಿಲ್ಲ. ಸಾಮಾನ್ಯ ವರ್ಗಕ್ಕೆ ಎಂ.ಎ.ಯಲ್ಲಿ ಶೇ. 55 ಬೇಕು, ಸಂಶೋಧನೆಗೆ ತಿಂಗಳ ಹಣ ಕೊಡುವ ಜೆಆರ್‌ಎಫ್‌ಗೆ ವಯಸ್ಸು 30 ಮೀರಿರಬಾರದು, ಮಹಿಳೆಯರಿಗೂ ಮೀಸಲು ವರ್ಗದವರಿಗೂ 5 ವರ್ಷ ಸಡಿಲಿಕೆ. 2024ರ ಜೂನ್‌ನಿಂದ ಫಲಿತಾಂಶ ಮೂರು ವರ್ಗದಲ್ಲಿ ಬರುತ್ತದೆ: ಜೆಆರ್‌ಎಫ್ ಸಹಿತ, ಅಧ್ಯಾಪನ ಮತ್ತು ಪಿಎಚ್‌ಡಿ ಪ್ರವೇಶ, ಪಿಎಚ್‌ಡಿ ಪ್ರವೇಶ ಮಾತ್ರ. ಕೊನೆಯ ಎರಡರ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಒಂದೇ ವರ್ಷ ಸಲ್ಲುತ್ತದೆ. ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಜೆಆರ್‌ಎಫ್ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000.

ಗೈಡ್ ಹುಡುಕುವುದು ಹೇಗೆ? ಪರಿಚಯ ಇಲ್ಲದಿದ್ದರೆ ಸಿಗುವುದಿಲ್ಲವಾ?

ಪರಿಚಯಕ್ಕಿಂತ ಮೊದಲು ಲೆಕ್ಕ ನೋಡಿ. ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ 8 ಜನ, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರನ್ನಷ್ಟೇ ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹೆಸರು ದೊಡ್ಡದೆಂದು ಕೊನೆಯ ಸರದಿಯಲ್ಲಿ ಸೇರಿ, ನಡುವೆ ಗೈಡ್ ಬದಲಾಗಿ, ವಿಷಯವೂ ತಿರುಗಿಹೋದವರು ಬೇಕಷ್ಟಿದ್ದಾರೆ.

ಆಮೇಲೆ ಅವರ ಹಳೆಯ ವಿದ್ಯಾರ್ಥಿಗಳ ಮಹಾಪ್ರಬಂಧಗಳನ್ನು ಶೋಧಗಂಗಾ ಎಂಬ ಜಾಲತಾಣದಲ್ಲಿ ತೆರೆದು ನೋಡಿ. ಮೂರರಲ್ಲೂ ಅಧ್ಯಾಯದ ಹೆಸರುಗಳು ಒಂದೇ ಅಚ್ಚಿನಲ್ಲಿದ್ದರೆ ನಿಮ್ಮದೂ ಅದೇ ಅಚ್ಚಿಗೆ ಬೀಳುತ್ತದೆ. ಪತ್ರ ಬರೆಯುವಾಗ "ತಮ್ಮ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುವ ಹಂಬಲ" ಎಂಬ ಸಾಲಿನ ಬದಲು ಎರಡು ಪುಟದ ಟಿಪ್ಪಣಿ ಹಾಕಿ: ಯಾವ ಪಠ್ಯ, ಯಾವ ಪ್ರಶ್ನೆ, ಸಾಮಗ್ರಿ ಎಲ್ಲಿದೆ.

"ಕನ್ನಡ ಸಾಹಿತ್ಯದಲ್ಲಿ ಯುದ್ಧ" ಅಂತ ಸಿನಾಪ್ಸಿಸ್ ಕೊಟ್ಟೆ, ವಾಪಸ್ ಬಂತು. ತಪ್ಪು ಎಲ್ಲಿ?

ಶೀರ್ಷಿಕೆಯಲ್ಲೇ. ಅದರಲ್ಲಿ ಸಾವಿರದೈನೂರು ವರ್ಷವಿದೆ, ಪ್ರಶ್ನೆ ಒಂದೂ ಇಲ್ಲ. ಕಾಲ, ಪ್ರದೇಶ, ಪ್ರಕಾರ, ಸಮಸ್ಯೆ ಇವು ನಾಲ್ಕರಲ್ಲಿ ಮೂರಾದರೂ ಶೀರ್ಷಿಕೆಯಲ್ಲಿ ಕಾಣಬೇಕು. "ಕುಂಬಳೆ ಸೀಮೆಯ ತಾಳಮದ್ದಳೆಯಲ್ಲಿ ಸಂಧಾನದ ವಾದಗಳು: ಯುದ್ಧ ತಪ್ಪಿಸುವ ಮಾತು ಸೋಲುವ ಬಗೆ" ಎಂದು ಮಾಡಿದರೆ (ತಾಳಮದ್ದಳೆ ಅಂದರೆ ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಸಮಿತಿಯವರಿಗೆ ಕೇಳಲು ಏನಾದರೂ ಸಿಗುತ್ತದೆ.

ಪ್ರಸ್ತಾವದ ಎರಡನೆಯ ರೋಗ ಪೂರ್ವ ಅಧ್ಯಯನದ ಪಟ್ಟಿ. ನಲವತ್ತು ಪುಸ್ತಕಗಳ ಹೆಸರು ಬರೆದು ಪ್ರತಿಯೊಂದಕ್ಕೂ ಎರಡು ಸಾಲು ಹಾಕಿರುತ್ತಾರೆ. ಅದರ ಬದಲು ಆರು ಪುಸ್ತಕ ಸಾಕು. ಅವು ನಿಮ್ಮ ಪ್ರಶ್ನೆಯನ್ನು ಎಲ್ಲಿಯವರೆಗೆ ತಂದವು, ಎಲ್ಲಿ ಬಿಟ್ಟವು ಎಂದು ಬರೆಯಿರಿ. ಮೂರನೆಯದು ಸಮಯ: ನಿಯಮದಂತೆ ಕನಿಷ್ಠ 3 ವರ್ಷ, ಗರಿಷ್ಠ 6. ಕೋರ್ಸ್‌ವರ್ಕ್ 12 ಕ್ರೆಡಿಟ್‌ಗೆ ಕಡಿಮೆಯಿಲ್ಲ, ಮೊದಲ ವರ್ಷದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಕ್ಷೇತ್ರಕಾರ್ಯವನ್ನು ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ದಿನ) ನೋಡಿ ಹಾಕಿಕೊಳ್ಳಿ. ಆ ದಿನ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ತೆಯ್ಯವೂ ಮಳೆಗಾಲಕ್ಕೆ ಇಲ್ಲ. ಆದರೆ ತಾಳಮದ್ದಳೆಗೆ ಮಳೆಗಾಲವೇ ಹದ.

## ಸಾಮಗ್ರಿ ಕೈಗೆ ಬರುವ ದಾರಿ

ತಾಳಮದ್ದಳೆಯ ಅರ್ಥ ಪುಸ್ತಕದಲ್ಲಿ ಇರುವುದಿಲ್ಲ. ಅದನ್ನು ಪಠ್ಯ ಅಂತ ತೋರಿಸುವುದು ಹೇಗೆ?

ಪ್ರಸಂಗ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಯುದ್ಧ ಬೇಕೋ ಬೇಡವೋ ಎಂಬ ವಾದ ನಡೆಯುವುದು ಪಾತ್ರವಾಗಿ ಕೂತು ಪದ್ಯದ ಮೇಲೆ ಮಾತಾಡುವ (ಅದೇ 'ಅರ್ಥ' ಹೇಳುವುದು) ಅರ್ಥಧಾರಿಯ ಬಾಯಲ್ಲಿ, ಆ ರಾತ್ರಿ. ಆದ್ದರಿಂದ ಪಠ್ಯವನ್ನು ನೀವೇ ಕಟ್ಟಬೇಕು.

'ಕೃಷ್ಣ ಸಂಧಾನ'ದಂಥ ಒಂದೇ ಪ್ರಸಂಗ ಹಿಡಿದು, ಬೇರೆ ಬೇರೆ ಅರ್ಥಧಾರಿಗಳ ಕನಿಷ್ಠ ಮೂರು ಕೂಟ ಧ್ವನಿಮುದ್ರಿಸಿ. ಒಪ್ಪಿಗೆಯನ್ನು ಸಂಘಟಕರಿಂದಷ್ಟೇ ಪಡೆದರೆ ಸಾಲದು, ಪದ್ಯ ಹಾಡುವ ಭಾಗವತರಿಂದಲೂ ಅರ್ಥಧಾರಿಗಳಿಂದಲೂ ಬೇಕು. ಧ್ವನಿಯನ್ನು ವೇವ್ ಕಡತವಾಗಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ತೆಗೆಯಿರಿ. ಚೆಂಡೆಯ ಪೆಟ್ಟು ಬಿದ್ದಾಗ ಧ್ವನಿ ಒಡೆಯದಂತೆ ಮಟ್ಟವನ್ನು ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ಇಳಿಸಿ, ಮೈಕನ್ನು ಹಿಮ್ಮೇಳದಿಂದ ತಿರುಗಿಸಿ ಅರ್ಥಧಾರಿಗಳ ಕಡೆ ಇಡಿ. ಸ್ಪೀಕರ್ ಪೆಟ್ಟಿಗೆಯ ಎದುರಿಟ್ಟರೆ ಸಿಗುವುದು ಗುಂಯ್ ಎಂಬ ಶಬ್ದ ಮಾತ್ರ.

ಬರೆದಿಳಿಸಲು ಒಂದು ಗಂಟೆಯ ಧ್ವನಿಗೆ ಆರು ಗಂಟೆಯಾದರೂ ಇಡಿ. ಇಲ್ಲಿ ಆಗುವ ದೊಡ್ಡ ಅನಾಹುತವೆಂದರೆ ಬರೆಯುವವರು ಮಾತನ್ನು "ತಿದ್ದಿ" ಪುಸ್ತಕದ ಕನ್ನಡ ಮಾಡುವುದು, ಸಭೆಯ ನಗುವನ್ನೂ ಮೌನವನ್ನೂ ಬಿಟ್ಟುಬಿಡುವುದು. ಕೌರವ "ಸೂಜಿಮೊನೆಯಷ್ಟೂ ಕೊಡೆ" ಎಂದಾಗ ಸಭೆ ಚಪ್ಪಾಳೆ ಹೊಡೆಯಿತೋ ಸುಮ್ಮನಾಯಿತೋ ಎಂಬುದು ನಿಮ್ಮ ಪ್ರಬಂಧಕ್ಕೆ ಪದ್ಯದಷ್ಟೇ ಮುಖ್ಯ. ಆಮೇಲೆ ಒಂದೇ ಪದ್ಯಕ್ಕೆ ಮೂರು ಕೂಟದಲ್ಲಿ ಬಂದ ಅರ್ಥವನ್ನು ಮೂರು ಕಂಬಸಾಲಿನಲ್ಲಿ ಎದುರುಬದುರಿಟ್ಟು ಓದಿ.

ವೀರಗಲ್ಲು ಓದಲು ಶಾಸನಶಾಸ್ತ್ರ ಕಲಿಯಲೇಬೇಕಾ?

ಓದಲು ಬೇಕು, ನೋಡಲು ಬೇಡ. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ಸತ್ತವನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗವೋ ಕೈಲಾಸವೋ, ತುದಿಯಲ್ಲಿ ಸೂರ್ಯಚಂದ್ರ. ಕರಾವಳಿಯಲ್ಲಿ ಇವು ಘಟ್ಟದ ಮೇಲಿನಷ್ಟು ದಟ್ಟವಾಗಿಲ್ಲ. ಫೋಟೋವನ್ನು ನಡುಮಧ್ಯಾಹ್ನ ತೆಗೆಯಬೇಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಗೆರೆ ಎದ್ದು ಕಾಣುತ್ತದೆ. ಪಾಚಿಯನ್ನು ನೀರು ಮತ್ತು ಮೆತ್ತನೆಯ ಬ್ರಶ್ಶಿನಿಂದಷ್ಟೇ ತೆಗೆಯಿರಿ. ತಂತಿ ಬ್ರಶ್ಶು, ಆಸಿಡ್, ಸೀಮೆಸುಣ್ಣ ಯಾವುದೂ ಬೇಡ.

ಮಹಾಯುದ್ಧದ ಕಾಲದ ದಾಖಲೆ ಬೆಂಗಳೂರಿನಲ್ಲಿ ಸಿಗ್ತದಾ?

ನಮ್ಮ ಸೀಮೆಯದ್ದಕ್ಕೆ ಬೆಂಗಳೂರಿಗೆ ಹೋಗುವುದು ತಪ್ಪು ದಾರಿ. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯೊಳಗಿತ್ತು, ಹಾಗಾಗಿ ಮೊದಲ ನಿಲ್ದಾಣ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ. ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ, ನೋಡಬೇಕಾದ ಇಲಾಖೆ ಮತ್ತು ವರ್ಷಗಳ ಪಟ್ಟಿ ಕೈಯಲ್ಲಿರಲಿ. "ಯುದ್ಧದ ಫೈಲು ಕೊಡಿ" ಎಂದರೆ ಯಾರೂ ಕೊಡಲಾರರು. ಮಿಷನ್ನಿನ ಕನ್ನಡ ಮುದ್ರಣಗಳಿಗೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಬಗ್ಗೆಯಾದರೆ ಮಾತ್ರ ಕರ್ನಾಟಕ ರಾಜ್ಯ ಪತ್ರಾಗಾರ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ್ದು ಬಹಳಷ್ಟು 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಮನೆಯಿಂದಲೇ ಸಿಗುತ್ತದೆ.

ಮೊದಲ ಯುದ್ಧದಲ್ಲಿ ಫ್ರಾನ್ಸಿನಿಂದ ಸಿಪಾಯಿಗಳು ಬರೆದ ಕಾಗದಗಳ ಸೆನ್ಸಾರ್ ವರದಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹೆಚ್ಚಿನವು ಪಂಜಾಬ್ ಮತ್ತು ಉತ್ತರದ ಕಡೆಯವರದು, ಅದೂ ಇಂಗ್ಲಿಷ್ ಅನುವಾದದಲ್ಲಿ. ಕನ್ನಡ ಕಾಗದ ಸಿಗುವ ಆಸೆಯಿಂದ ಹೋಗಬೇಡಿ. ಓದುವ ಪಾಠವಾಗಿ ಮಾತ್ರ ಅವು ಅಮೂಲ್ಯ. ಸೆನ್ಸಾರ್ ಕಣ್ಣು ತಪ್ಪಿಸಲು ಸಿಪಾಯಿಗಳು ಭಾರತೀಯರನ್ನು ಕರಿಮೆಣಸು, ಬಿಳಿಯರನ್ನು ಕೆಂಪು ಮೆಣಸು ಎಂದು ಬರೆಯುತ್ತಿದ್ದರು: ಕರಿಮೆಣಸು ಮುಗಿಯುತ್ತಾ ಬಂದಿದೆ, ಹೀಗೆ. ಮೆಣಸಿನ ಬಳ್ಳಿ ಹಬ್ಬಿಸಿದ ಊರಿನವರಿಗೆ ಈ ಸಂಕೇತ ಬಿಡಿಸಿ ಹೇಳಬೇಕಿಲ್ಲ.

ಊರಿನ ನಿವೃತ್ತ ಸೈನಿಕರನ್ನು ಮಾತಾಡಿಸಬಹುದಾ? ಎಂತೆಂತ ಕೇಳಬಾರದು?

ಮಾತಾಡಿಸಬಹುದು. ಮೊದಲು ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿ ಪಡೆಯಿರಿ. ಒಪ್ಪಿಗೆ ಪತ್ರ ಅವರು ಓದುವ ಭಾಷೆಯಲ್ಲಿರಬೇಕು. ಹೆಸರು ಹಾಕಬಹುದೇ, ಧ್ವನಿ ಎಲ್ಲಿ ಇಡುತ್ತೀರಿ, ನಡುವೆ ಬೇಡವೆಂದರೆ ಅಳಿಸುತ್ತೀರಾ ಎಂಬ ಮೂರೂ ಅದರಲ್ಲಿರಲಿ. ಒಂದು ಸಲಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡ, ಎರಡು ಸಲ ಹೋಗಿ. ಪೆಟ್ಟಿಗೆ, ಫೋಟೋ, ಕಾಗದ, ರಜೆಯ ರೈಲು ಪ್ರಯಾಣದಿಂದ ಶುರು ಮಾಡಿದರೆ ಮಾತು ತಾನಾಗಿ ಬರುತ್ತದೆ. ಎಷ್ಟು ಜನರನ್ನು ಕೊಂದಿರಿ ಎಂದು ಕೇಳಬಾರದು. ತುಕಡಿ ಇದ್ದ ಜಾಗ, ಶಸ್ತ್ರ, ದಾರಿಗಳ ವಿವರ ತಾವಾಗಿ ಹೇಳಿದರೂ ಮುದ್ರಣದಿಂದ ಬಿಡಿ. 1923ರ ಅಧಿಕೃತ ರಹಸ್ಯ ಕಾಯ್ದೆ ಈಗಲೂ ಜಾರಿಯಲ್ಲಿದೆ. ಮನೆಯ ಹೆಂಗಸರನ್ನು ಬೇರೆಯಾಗಿ ಮಾತಾಡಿಸಿ. ಗಂಡಸರು ಎದುರಿದ್ದರೆ ಅವರು ಚಹಾ ತರಲು ಒಳಗೆ ಹೋಗಿಬಿಡುತ್ತಾರೆ, ಅರ್ಧ ಇತಿಹಾಸ ಅವರೊಂದಿಗೇ ಒಳಗೆ ಹೋಗುತ್ತದೆ.

ನನಗೆ ಮಲಯಾಳ ಮಾತಾಡಲು ಬರ್ತದೆ, ಓದಲು ಬರುವುದಿಲ್ಲ. ನಡೀತದಾ?

ನಡೆಯುವುದಿಲ್ಲ. ತೋಟ್ಟಂ ಹಾಡನ್ನು ಬೇರೆಯವರ ಅನುವಾದದಲ್ಲಿ ಉದ್ಧರಿಸಿದರೆ ವೈವಾದಲ್ಲಿ (ಮೌಖಿಕ ಪರೀಕ್ಷೆ) ಮೊದಲ ಪ್ರಶ್ನೆ ಅದೇ. ಲಿಪಿಗೆ ಒಂದು ತಿಂಗಳು ಸಾಕು, ಅಚ್ಚಿನ ಗದ್ಯಕ್ಕೆ ಆರು ತಿಂಗಳು. ಆದರೆ ತೋಟ್ಟಂನ ಭಾಷೆ ಹಳತು. ಹಾಡುವವರ ಎದುರೇ ಕೂತು ಸಾಲುಸಾಲು ಅರ್ಥ ಕೇಳಬೇಕು, ಹಾಗೆ ಕಲಿಸಿದವರಿಗೆ ಪ್ರಬಂಧದಲ್ಲಿ ಹೆಸರು ಹಿಡಿದು ಋಣ ಹೇಳಬೇಕು.

## ಬರವಣಿಗೆ, ಪ್ರಕಟಣೆ, ಕೆಲಸ

ಇನ್ನೂರು ಪುಟ ನುಡಿಯಲ್ಲಿ ಟೈಪ್ ಮಾಡಿ ಆಯ್ತು. ಈಗ ಕೃತಿಚೌರ್ಯ ಪರೀಕ್ಷೆಗೆ ಯುನಿಕೋಡ್ ಬೇಕು ಅಂತಾರೆ. ಎಂತ ಮಾಡುವುದು?

ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ ತಂತ್ರಾಂಶಕ್ಕೆ ನಿಮ್ಮ ಕನ್ನಡ ಇಂಗ್ಲಿಷ್ ಅಕ್ಷರಗಳ ಕಸವಾಗಿ ಕಾಣುತ್ತದೆ. ಪರಿವರ್ತಕ ಬಳಸಿ, ಆದರೆ ಅಧ್ಯಾಯ ಅಧ್ಯಾಯವಾಗಿ. ಅರ್ಕಾವತ್ತು, ಮೂರಕ್ಷರದ ಒತ್ತು, ಹಳಗನ್ನಡದ ಱ ಮತ್ತು ೞ, ನಡುವೆ ಬಂದ ಇಂಗ್ಲಿಷ್ ಪದಗಳು ಒಡೆಯುತ್ತವೆ. ಇವಿಷ್ಟನ್ನು ಕಣ್ಣಿಟ್ಟು ತಿದ್ದಿ. ಇನ್ನೂ ಶುರು ಮಾಡದವರು ಮೊದಲ ದಿನದಿಂದಲೇ ಯುನಿಕೋಡ್ ಹಿಡಿಯಿರಿ. 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಸರಿಯಾಗಿ ಉದ್ಧರಿಸಿದ ಪದ್ಯ ಅದರಲ್ಲಿ ಸೇರುವುದಿಲ್ಲ, ಆದರೆ ತಂತ್ರಾಂಶಕ್ಕೆ ಅದು ಉದ್ಧರಣೆ ಎಂದು ತಿಳಿಯಲು ಉದ್ಧರಣ ಚಿಹ್ನೆ ಬೇಕು.

ಲೇಖನ ಎಲ್ಲಿ ಹಾಕಿದರೆ ಲೆಕ್ಕಕ್ಕೆ ಬರ್ತದೆ?

ಯುಜಿಸಿ ಒಪ್ಪಿದ ಪತ್ರಿಕೆಗಳ ಪಟ್ಟಿಯಾಗಿದ್ದ ಯುಜಿಸಿ-ಕೇರ್ 2025ರ ಫೆಬ್ರವರಿಯಲ್ಲಿ ನಿಂತಿತು. ಈಗ ಯಾವುದು ನಡೆಯುತ್ತದೆಂದು ಆಯಾ ವಿಶ್ವವಿದ್ಯಾಲಯವೇ ಹೇಳಬೇಕು, ಅದನ್ನು ಬರಹದಲ್ಲೇ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಬಂದು, ಹಣ ಕೇಳಿ, ವಾರದೊಳಗೆ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಗಳಿಂದ ದೂರವಿರಿ. ಮುಂದೆ ಸಂದರ್ಶನದಲ್ಲಿ ಅದೇ ಲೇಖನ ಮುಳುವಾಗುತ್ತದೆ.

ಯುದ್ಧದ ಕಾಲದಲ್ಲಿ ಇಂಥದ್ದನ್ನೆಲ್ಲ ಬರೆದರೆ ದೇಶದ್ರೋಹಿ ಅಂತ ಹೇಳುವುದಿಲ್ಲವಾ?

ಹೇಳುವವರು ಇರುತ್ತಾರೆ. ನಿಮ್ಮ ರಕ್ಷಣೆ ವಾಕ್ಯದಲ್ಲೇ ಇರಬೇಕು: ಪಠ್ಯ ಏನು ಹೇಳಿತು, ನೀವು ಏನು ಹೇಳುತ್ತೀರಿ ಎಂಬುದು ಬೇರೆ ಬೇರೆಯಾಗಿ ಕಾಣಲಿ. ಸೈನಿಕನ ಧೈರ್ಯವನ್ನೂ ಆ ಧೈರ್ಯ ಬಳಸಿಕೊಂಡ ಹಾಡನ್ನೂ ಒಂದೇ ಉಸಿರಿನಲ್ಲಿ ಟೀಕಿಸುವವರು ಓದುಗರನ್ನು ಕಳೆದುಕೊಳ್ಳುತ್ತಾರೆ. 1962, 1965, 1971ರ ಪತ್ರಿಕೆಗಳ ಪದ್ಯಗಳಲ್ಲಿ ಅಬ್ಬರವೇ ಹೆಚ್ಚು ಎಂದು ಮೂಗು ಮುರಿಯುವುದು ಸುಲಭ; ಕೆಟ್ಟ ಪದ್ಯವೂ ಒಳ್ಳೆಯ ಸಾಕ್ಷಿ, ಅದನ್ನು ಪೂರ್ತಿ ಓದಿ.

ಇಷ್ಟೆಲ್ಲ ಮಾಡಿ ಕೆಲಸ ಸಿಗ್ತದಾ? ಖಂಡಿತ ಹೇಳಿ.

ಖಂಡಿತ ಹೇಳುವಂತಿಲ್ಲ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಯಾರೂ "ಯುದ್ಧ ಸಾಹಿತ್ಯ ತಜ್ಞರು ಬೇಕು" ಎಂದು ಜಾಹೀರಾತು ಕೊಡುವುದಿಲ್ಲ. ಕನ್ನಡ ಅಥವಾ ಇಂಗ್ಲಿಷ್ ಅಧ್ಯಾಪಕರು ಬೇಕು ಎನ್ನುತ್ತಾರೆ. ವ್ಯಾಕರಣ, ಛಂದಸ್ಸು, ಕಾವ್ಯಮೀಮಾಂಸೆ ಪಾಠ ಮಾಡುವ ಶಕ್ತಿ ಮೊದಲು, ವಿಶೇಷ ವಿಷಯ ಆಮೇಲೆ. ಕೇರಳದಲ್ಲಿ ಸರಕಾರಿ ಕಾಲೇಜಿನ ನೇಮಕ ಪಿಎಸ್‌ಸಿ ಮೂಲಕ, ಕನ್ನಡದ ಅಧಿಸೂಚನೆ ಬರುವುದು ಅಪರೂಪ. ಅಲ್ಲಿಯವರೆಗೆ ಅತಿಥಿ ಉಪನ್ಯಾಸಕರಾಗಲು ಕೋಝಿಕ್ಕೋಡಿನ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯಲ್ಲಿ ಹೆಸರು ನೋಂದಾಯಿಸಿರಬೇಕು; ನೋಂದಣಿ ಸಂಖ್ಯೆ ಇಲ್ಲದೆ ಸಂದರ್ಶನಕ್ಕೆ ಹೋಗಿ ಮರಳಿದವರು ಪ್ರತಿ ಜೂನ್‌ನಲ್ಲೂ ಇದ್ದಾರೆ.

ಕಾಯಂ ಆದರೆ ಯುಜಿಸಿ ವೇತನದ ಮೂಲ ₹57,700ರಿಂದ ಶುರು. ಪಿಎಚ್‌ಡಿ ಇದ್ದವರಿಗೆ ಮೊದಲ ಬಡ್ತಿ 4 ವರ್ಷಕ್ಕೆ, ಇಲ್ಲದವರಿಗೆ 6.

ಪಿಎಚ್‌ಡಿ ಮುಗಿಯಿತು. ಪುಸ್ತಕ ಮಾಡುವ ಮೊದಲು ಹೊರಗೆ ಎಲ್ಲಾದರೂ ಹೋಗಿ ಬರಬಹುದಾ?

ಹೋಗಬಹುದು, ಅದರಲ್ಲೂ ಸಾಮಗ್ರಿ ಹೊರಗಿದ್ದರೆ. ಪಿಎಚ್‌ಡಿ ನಡುವೆಯೇ ಇರುವವರಿಗೆ ಫುಲ್‌ಬ್ರೈಟ್-ನೆಹರು ಡಾಕ್ಟರಲ್ ಫೆಲೋಶಿಪ್ 6ರಿಂದ 9 ತಿಂಗಳಿನದು. ಪದವಿ ಮುಗಿದವರಿಗೆ ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯಿದೆ. ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿ ಮೊದಲ ಯುದ್ಧದ ಭಾರತೀಯ ಕೈದಿಗಳ ದನಿಗಳಿವೆ. ವ್ಯೂನ್ಸ್‌ಡೋರ್ಫ್ ಶಿಬಿರದಲ್ಲಿ ಮುದ್ರಿಸಿಕೊಂಡ ಹಾಡು, ಕತೆಗಳು. ಕೈದಿಯಾಗಿದ್ದವನು ಧ್ವನಿಮುದ್ರಣದ ಕೊಳವೆಯ ಮುಂದೆ ನಿಂತು ಹೇಳಿದ ಕತೆಯನ್ನು ಓದಲು ತಾಳಮದ್ದಳೆಯ ಧ್ವನಿ ಬರೆದಿಳಿಸಿದ ಕಿವಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅರ್ಜಿಯಲ್ಲಿ ಆ ಅನುಭವವನ್ನು ಸಿದ್ಧಾಂತಕ್ಕಿಂತ ಮೇಲೆ ಬರೆಯಿರಿ.

ಪುಸ್ತಕ ಮಾಡುವಾಗ ಮಹಾಪ್ರಬಂಧದ ಮೊದಲ ಅಧ್ಯಾಯವನ್ನು ಪೂರ್ತಿ ತೆಗೆದು, ಅದರಲ್ಲಿ ನಿಜವಾಗಿ ಬೇಕಾದ ನಾಲ್ಕು ಪುಟವನ್ನು ಬೇಕಾದ ಕಡೆ ಹಂಚಿ. ಧ್ವನಿಮುದ್ರಿಕೆಗಳ ಒಂದು ಪ್ರತಿ ಹಾಡಿದವರಿಗೆ, ಅರ್ಥ ಹೇಳಿದವರಿಗೆ ಮೊದಲು ತಲುಪಲಿ, ಪುಸ್ತಕ ಆಮೇಲೆ ಬರಲಿ.